ಸ್ಪೈರಲೈಸರ್ ಕೊಳ್ಳುವ ಮುನ್ನ: ತರಕಾರಿಯ ದಪ್ಪ, ಒಳಗಿನ ನೀರು, ತೊಳೆಯುವ ಹೊತ್ತು

15 ಸೆಂ.ಮೀ. ಉದ್ದ, 5 ಸೆಂ.ಮೀ. ದಪ್ಪ ಇರುವ ಒಂದು ಜುಕಿನಿಯನ್ನು (ಸೌತೆಕಾಯಿಯನ್ನು ಹೋಲುವ ಕಾಯಿ), ತರಕಾರಿಯನ್ನು ಉದ್ದನೆಯ ಸುರುಳಿ ಎಳೆಗಳಾಗಿ ಹೆಚ್ಚುವ ಸ್ಪೈರಲೈಸರ್ ಎಂಬ ಸಾಧನಕ್ಕೆ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ, ಹೊರಸುತ್ತಿನ ಎಳೆಯೊಂದೇ 6 ಮೀಟರಿಗಿಂತ ಉದ್ದ ಬರುತ್ತದೆ. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮೊದಲ ಸಲ ನೋಡಿದವರಿಗೆ ಇದು ಮನೆಗೆ ಬೇಕೇ ಬೇಕು ಅನ್ನಿಸುವುದು ಸಹಜ. ಹಾಗೆ ಕೊಂಡದ್ದರಲ್ಲಿ ಎಷ್ಟೋ ಸ್ಪೈರಲೈಸರ್‌ಗಳು ನಾಲ್ಕಾರು ಸಲ ತಿರುಗಿ ಕಪಾಟಿನ ಮೇಲ್ಗಡೆಗೆ ಹೋಗಿಬಿಡುತ್ತವೆ. ಕೊಳ್ಳುವಾಗ ಎಲ್ಲರ ಕಣ್ಣಿಗೆ ಬೀಳುವುದು ಆ ಅರ್ಧ ನಿಮಿಷ ಮಾತ್ರ. ಮನೆಗೆ ಬರುವ ತರಕಾರಿ ಎಷ್ಟು ದಪ್ಪ, ಅದರೊಳಗೆ ನೀರೆಷ್ಟು, ಕೆಲಸವಾದ ಮೇಲೆ ತೊಳೆದು ಎತ್ತಿಡಲು ಎಷ್ಟು ಹೊತ್ತು ಬೇಕು ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಮೂರೂ ಕೂಡಿಬಂದ ಅಡುಗೆಮನೆಯಲ್ಲಿ ಸ್ಪೈರಲೈಸರ್ ವಾರಕ್ಕೆ ಎರಡು ಮೂರು ಸಲ ಓಡುತ್ತದೆ. ಒಂದು ತಪ್ಪಿದರೂ ಮೂಲೆ ಸೇರುತ್ತದೆ.

ಒಳಗೆ ನಡೆಯುವುದೇನು

ಕಟ್ಟೆಯ ಮೇಲೆ ಕೂರಿಸುವ ಸಾಮಾನ್ಯ ಸ್ಪೈರಲೈಸರ್‌ನ ಒಂದು ತುದಿಯಲ್ಲಿ ಹಿಡಿಕೆ ಇರುತ್ತದೆ. ಹಿಡಿಕೆಗೆ ಸೇರಿಕೊಂಡ ದುಂಡು ಬಿಲ್ಲೆಯ ಮೇಲೆ ಮುಳ್ಳುಗಳು. ತರಕಾರಿಯ ಹಿಂಬದಿಗೆ ಚುಚ್ಚಿಕೊಂಡು ಅದನ್ನು ತಿರುಗಿಸುವುದು ಇವುಗಳ ಕೆಲಸ. ಇನ್ನೊಂದು ತುದಿಯಲ್ಲಿ ಅಲುಗದೆ ನಿಂತ ಬ್ಲೇಡಿನ ತಟ್ಟೆ, ಅದರ ನಟ್ಟನಡುವೆ ಒಂದು ಚಿಕ್ಕ ಉಕ್ಕಿನ ಕೊಳವೆ. ಅಡಿಯಲ್ಲಿ ಕಟ್ಟೆಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲುಗಳು.

ಬ್ಲೇಡಿನ ತಟ್ಟೆಯನ್ನು ಹತ್ತಿರದಿಂದ ನೋಡಿದರೆ ಇಡೀ ಕೆಲಸದ ಗುಟ್ಟು ತಿಳಿಯುತ್ತದೆ. ಚಪ್ಪಟೆಯಾದ ಒಂದು ಅಲಗು ನಡುವಿನಿಂದ ಅಂಚಿನವರೆಗೆ ಮಲಗಿರುತ್ತದೆ. ಅದರ ಮುಂದೆ ಬಾಚಣಿಗೆಯ ಹಲ್ಲಿನಂತೆ ಪುಟ್ಟ ಪುಟ್ಟ ಅಲಗುಗಳು ನೆಟ್ಟಗೆ ನಿಂತಿರುತ್ತವೆ. ತರಕಾರಿಯ ಮುಖ ಇದರ ಮೇಲೆ ಸುತ್ತುವಾಗ ಮೊದಲು ಹಲ್ಲುಗಳು ಗೀರು ಹಾಕುತ್ತವೆ. ಬೆನ್ನಿಗೇ ಚಪ್ಪಟೆ ಅಲಗು ಆ ಗೀರಿದ ಪದರವನ್ನು ಎಬ್ಬಿಸುತ್ತದೆ. ಹಲ್ಲುಗಳ ನಡುವಿನ ಅಂತರವೇ ಎಳೆಯ ಅಗಲ. ಅಲಗು ತಟ್ಟೆಯಿಂದ ಎಷ್ಟು ಮೇಲೆದ್ದಿದೆಯೋ ಅಷ್ಟು ಎಳೆಯ ದಪ್ಪ. ಹಲ್ಲಿಲ್ಲದ ತಟ್ಟೆ ಹಾಕಿದರೆ ಎಳೆಯ ಬದಲು ಅಗಲವಾದ ರಿಬ್ಬನ್ ಬರುತ್ತದೆ.

ಮೇಲೆ ಹೇಳಿದ 6 ಮೀಟರ್ ಬಂದದ್ದು ಹೀಗೆ. 5 ಸೆಂ.ಮೀ. ದಪ್ಪದ ತರಕಾರಿಯ ಸುತ್ತಳತೆ ಸುಮಾರು 15.7 ಸೆಂ.ಮೀ. ಒಂದು ಸುತ್ತಿಗೆ 3 ಮಿ.ಮೀ. ಪದರ ಏಳುತ್ತದೆ ಎಂದುಕೊಳ್ಳಿ. 15 ಸೆಂ.ಮೀ. ಉದ್ದದಲ್ಲಿ ಕೊನೆಯ 2 ಸೆಂ.ಮೀ. ಮುಳ್ಳಿನ ಹಿಡಿತದಲ್ಲೇ ಉಳಿದುಬಿಡುತ್ತದೆ. ಮಿಕ್ಕ 13 ಸೆಂ.ಮೀ.ಗೆ 43 ಸುತ್ತು. ಅಂಚಿನ ಎಳೆ ಒಂದೊಂದು ಸುತ್ತಿಗೂ ಹೆಚ್ಚುಕಡಿಮೆ 15 ಸೆಂ.ಮೀ. ಬೆಳೆಯುತ್ತದೆ. ನಡುವಿಗೆ ಹತ್ತಿರದ ಎಳೆಗೆ ಅಷ್ಟು ದೊಡ್ಡ ಸುತ್ತು ಸಿಗುವುದಿಲ್ಲ. ಅದು ಚಿಕ್ಕ ಉಂಗುರಗಳ ಸುರುಳಿಯಾಗಿ ಎರಡೂವರೆ ಮೀಟರ್ ಸುಮಾರಿಗೆ ನಿಲ್ಲುತ್ತದೆ. ಒಂದೇ ತರಕಾರಿಯಲ್ಲಿ ಹೊರಗಿನ ಎಳೆ ಸಡಿಲವಾಗಿ, ಒಳಗಿನದು ಬಿಗಿಯಾಗಿ ಸುರುಳಿಸುತ್ತುವುದು ಇದರಿಂದಲೇ. ಸಾಧನದ ದೋಷ ಅದರಲ್ಲೇನೂ ಇಲ್ಲ.

ನಡುವಿನ ಕೊಳವೆಗೆ ಎರಡು ಕೆಲಸ. ಬೀಜವಿರುವ ಮೆತ್ತನೆಯ ತಿರುಳನ್ನು ಎಳೆಗೆ ಸೇರದಂತೆ ಬೇರೆ ಮಾಡುವುದು ಒಂದು. ತರಕಾರಿ ಅತ್ತಿತ್ತ ಜಾರದಂತೆ ಅಚ್ಚಿನ ಹಾಗೆ ಹಿಡಿದುಕೊಳ್ಳುವುದು ಇನ್ನೊಂದು. ಎರಡನೆಯದೇ ಹೆಚ್ಚು ಮುಖ್ಯ. ಕೊಳವೆ ನಡುವಿಗೆ ಸರಿಯಾಗಿ ಹೊಕ್ಕಿಲ್ಲದಿದ್ದರೆ ತರಕಾರಿ ಓರೆಯಾಗಿ ಸುತ್ತುತ್ತದೆ, ಒಂದು ಮಗ್ಗುಲು ಅಲಗಿಗೆ ತಾಗುತ್ತದೆ, ಇನ್ನೊಂದು ತಾಗುವುದಿಲ್ಲ. ಆಗ ಉದ್ದ ಎಳೆಯ ಬದಲು ಅರ್ಧಚಂದ್ರದಂಥ ತುಂಡುಗಳು ಉದುರುತ್ತವೆ.

ಮುಳ್ಳಿಗೆ ಚುಚ್ಚಿ, ಹಿಡಿಕೆ ತಿರುಗಿಸಿ, ನಿಂತ ಅಲಗಿಗೆ ಒಡ್ಡುವ ಈ ಉಪಾಯ ಹೊಸದೇನಲ್ಲ. ಸೇಬಿನ ಸಿಪ್ಪೆ ಹೆರೆಯುವ ಕೈಯಂತ್ರಗಳು 19ನೇ ಶತಮಾನದಲ್ಲೇ ಹೀಗೆ ಕೆಲಸ ಮಾಡುತ್ತಿದ್ದವು. ಜಪಾನಿನ ಅಡುಗೆಯವರು ಇನ್ನೂ ಮುಂದೆ ಹೋಗಿ, ಯಂತ್ರವೇ ಇಲ್ಲದೆ ಬರೀ ಚಾಕುವಿನಿಂದ ದಪ್ಪ ಮೂಲಂಗಿಯನ್ನು ಸುತ್ತಿ ಸುತ್ತಿ ಕಾಗದದಷ್ಟು ತೆಳುವಾದ ಒಂದೇ ಹಾಳೆಯಾಗಿ ಬಿಡಿಸುತ್ತಾರೆ. ಆ ಕೈಚಳಕಕ್ಕೆ ಕತ್ಸುರಾಮುಕಿ ಎಂದು ಹೆಸರು. ಆ ಹಾಳೆಯನ್ನು ಮಡಿಸಿ ಹೆಚ್ಚಿದರೆ ನೂಲಿನಂಥ ಎಳೆಗಳು.

ಯಾವ ಬಗೆ, ಏನು ವ್ಯತ್ಯಾಸ

ಕೈಯಲ್ಲಿ ಹಿಡಿಯುವ ಚಿಕ್ಕದು ಪೆನ್ಸಿಲ್ ಚೂಪು ಮಾಡುವ ಮೆಂಡರಿನ ಹಾಗೆ. ತರಕಾರಿಯನ್ನು ತೂತಿಗೆ ತೂರಿಸಿ ತಿರುವಬೇಕು. ಜಾಗ ಬೇಡ, ತೊಳೆಯುವುದು ಸುಲಭ. ಆದರೆ ತಿರುಗುವುದೆಲ್ಲ ನಿಮ್ಮ ಮಣಿಕಟ್ಟಿನ ಬಲದಿಂದ. ಎರಡು ಸೌತೆಕಾಯಿಗೆ ತೊಂದರೆಯಿಲ್ಲ. ಬೀಟ್‌ರೂಟ್, ಗೆಣಸು ಇದರಲ್ಲಿ ಹೆಣಗಾಟವೇ ಸರಿ. ತೂತಿಗಿಂತ ದಪ್ಪನೆಯದು ಒಳಗೇ ಹೋಗುವುದಿಲ್ಲ. ಕೊನೆಗೆ ಪೆನ್ಸಿಲ್ ಮೊನೆಯಂಥ ಉದ್ದನೆಯ ಮಧ್ಯಭಾಗ ಉಳಿಯುವುದರಿಂದ ವ್ಯರ್ಥವೂ ಜಾಸ್ತಿ. ಕೀಲುನೋವು ಇರುವವರು ಇದನ್ನು ಮುಟ್ಟದಿರುವುದೇ ಲೇಸು.

ಕಟ್ಟೆಯ ಮೇಲಿನ ಅಡ್ಡ ಯಂತ್ರ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು. ಗಟ್ಟಿ ತರಕಾರಿಗೂ ಆಗುತ್ತದೆ, 7-8 ಸೆಂ.ಮೀ. ದಪ್ಪದ ಗೆಡ್ಡೆಯನ್ನೂ ಹಿಡಿಯುತ್ತದೆ. ಜಾಗ ಮಾತ್ರ ದೊಡ್ಡ ಬ್ರೆಡ್ ಪೊಟ್ಟಣದಷ್ಟು ಬೇಕು. ನೆಟ್ಟಗೆ ನಿಲ್ಲುವ ಯಂತ್ರದಲ್ಲಿ ತರಕಾರಿಯನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತೇವೆ. ತರಕಾರಿಯ ಭಾರವೂ ಜೊತೆಗೂಡುವುದರಿಂದ ಒತ್ತಡ ಒಂದೇ ಸಮ ಇರುತ್ತದೆ, ಮೆತ್ತನೆಯ ತರಕಾರಿ ಕಡಿಮೆ ಮುರಿಯುತ್ತದೆ, ಕಟ್ಟೆಯ ಮೇಲೂ ಕಡಿಮೆ ಜಾಗ ಸಾಕು. ವಿದ್ಯುತ್ತಿನದು ತಿರುಗಿಸುವ ಶ್ರಮ ಉಳಿಸುತ್ತದೆ, ಎಳೆಯ ಗುಣವನ್ನೇನೂ ಹೆಚ್ಚಿಸುವುದಿಲ್ಲ. ಹಿಟ್ಟು ಕಲಸುವ ಸ್ಟ್ಯಾಂಡ್ ಮಿಕ್ಸರ್‌ಗೆ ಸಿಕ್ಕಿಸುವ ಜೋಡಣೆಗಳೂ ಇವೆ. ಆ ಮಿಕ್ಸರ್ ಈಗಾಗಲೇ ಮನೆಯಲ್ಲಿದ್ದರೆ ಯೋಚಿಸಬಹುದು, ಇದಕ್ಕೆಂದೇ ಅದನ್ನು ಕೊಳ್ಳುವುದು ದಂಡ.

ದಪ್ಪದ ಲೆಕ್ಕ

ತರಕಾರಿಯ ನಡುವೆ ಕೊಳವೆ ಕೊರೆದು ತೆಗೆಯುವ ಭಾಗ ಸುಮಾರು 1 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. 5 ಸೆಂ.ಮೀ. ದಪ್ಪದ ಜುಕಿನಿಯಲ್ಲಿ ಇದು ಬರೀ 4 ಶೇಕಡಾ. ಅದೇ 2.5 ಸೆಂ.ಮೀ. ದಪ್ಪದ ಕ್ಯಾರೆಟ್ಟಿನಲ್ಲಿ 16 ಶೇಕಡಾ. ದಪ್ಪ ಅರ್ಧವಾದರೆ ವ್ಯರ್ಥ ನಾಲ್ಕು ಪಟ್ಟು, ಏಕೆಂದರೆ ವಿಸ್ತೀರ್ಣ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಇದರ ಮೇಲೆ ಮುಳ್ಳಿನಲ್ಲಿ ಉಳಿಯುವ 2 ಸೆಂ.ಮೀ. ತುಂಡು ಬೇರೆ: 15 ಸೆಂ.ಮೀ. ತರಕಾರಿಗೆ ಅದು ಇನ್ನೊಂದು 13 ಶೇಕಡಾ. ಸಣ್ಣ ಕ್ಯಾರೆಟ್ ಹಾಕಿದವರಿಗೆ ಕಾಲುಭಾಗಕ್ಕೂ ಹೆಚ್ಚು ಕೈತಪ್ಪುವುದು ಹೀಗೆ. ಅದೂ ಸಾಲದೆಂಬಂತೆ ಸಣ್ಣ ಸುತ್ತಳತೆಯಿಂದ ಬರುವ ಎಳೆ ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿಕೊಂಡು, ಬಡಿಸುವ ಹೊತ್ತಿಗೆ ಮುರಿದು ಚೂರಾಗುತ್ತದೆ.

ಹಾಗಾಗಿ ಕಟ್ಟೆಯ ಯಂತ್ರಕ್ಕೆ 4 ಸೆಂ.ಮೀ.ಗಿಂತ ದಪ್ಪ, ನೆಟ್ಟಗಿರುವ, ಒಳಗೆ ಪೊಳ್ಳಿಲ್ಲದ ತರಕಾರಿಯೇ ಸರಿ. ಜುಕಿನಿ, ಬೀಜ ಬಲಿಯದ ಸೌತೆಕಾಯಿ, ದಪ್ಪ ಮೂಲಂಗಿ, ನವಿಲುಕೋಸು, ಬೀಟ್‌ರೂಟ್, ಆಲೂಗಡ್ಡೆ, ಗೆಣಸು ಚೆನ್ನಾಗಿ ಬರುತ್ತವೆ. ಕ್ಯಾರೆಟ್ಟಿನಲ್ಲಿ ದಪ್ಪನೆಯದನ್ನೇ ಆರಿಸಿ, ಮೇಲ್ಭಾಗವನ್ನು ಮಾತ್ರ ಹಾಕಬೇಕು. ಗಟ್ಟಿ ಸೇಬು, ಗಟ್ಟಿ ಪೇರ್ ಹಣ್ಣೂ ಆಗುತ್ತವೆ. ಕುಂಬಳದ ಜಾತಿಯಲ್ಲಿ ಬೀಜದ ಗೂಡಿರುವ ಕಡೆ ಬಿಟ್ಟು, ಗಟ್ಟಿಯಾಗಿ ತುಂಬಿಕೊಂಡ ಕತ್ತಿನ ಭಾಗ ಬಳಸಬಹುದು. ಬ್ರಾಕಲಿಯ ದಪ್ಪ ದಂಟನ್ನು ಎಸೆಯುವವರೇ ಹೆಚ್ಚು. ಸಿಪ್ಪೆ ಹೆರೆದು ಹಾಕಿದರೆ ಅದರ ಎಳೆ ಬಹಳ ರುಚಿ. ಈರುಳ್ಳಿ, ಎಲೆಕೋಸಿಗೆ ಹಲ್ಲಿಲ್ಲದ ತಟ್ಟೆ ಹಾಕಿ. ಎಳೆ ಬರದಿದ್ದರೂ ಒಂದೇ ಸಮನಾದ ತೆಳು ಹೋಳು ಸಿಗುತ್ತದೆ. ಬದನೆ ಒಳಗೆ ಸ್ಪಂಜಿನಂತಿರುವುದರಿಂದ ಚೂರಾಗುತ್ತದೆ. ಟೊಮೇಟೊವನ್ನಂತೂ ಕೇಳುವುದೇ ಬೇಡ.

ಸೌತೆ, ಜುಕಿನಿಯಂಥ ಬಳ್ಳಿಯ ಕಾಯಿ ಹೆಚ್ಚುವ ಮೊದಲು ತುದಿಯ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಟು ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಆ ಕಹಿಗೆ ಕಾರಣ ಕುಕರ್ಬಿಟಾಸಿನ್ ಎಂಬ ವಸ್ತು. ಅದು ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡಿಸುವುದಷ್ಟೇ ಅಲ್ಲ, ಹೆಚ್ಚಾದರೆ ಆಸ್ಪತ್ರೆಗೆ ಸೇರುವಷ್ಟು ಕಾಯಿಲೆ ಬೀಳಿಸುತ್ತದೆ.

ತಿರುಗಿಸುವ ಕ್ರಮ, ಕೆಡುವ ಕಾರಣ

ಮೊದಲು ಯಂತ್ರ ಕೂರಬೇಕು. ರಬ್ಬರ್ ಬಟ್ಟಲು ಹಿಡಿಯುವುದು ಅದರೊಳಗಿನ ಗಾಳಿ ಹೊರಹೋದಾಗ. ಕಟ್ಟೆಯ ಮೇಲೆ ಎಣ್ಣೆಯ ಪಸೆಯೋ ಹಿಟ್ಟಿನ ಪುಡಿಯೋ ಇದ್ದರೆ ಅಂಚಿನಿಂದ ಗಾಳಿ ಒಳನುಗ್ಗಿ ನಾಲ್ಕು ಸುತ್ತಿಗೇ ಬಿಟ್ಟುಕೊಳ್ಳುತ್ತದೆ. ನುಣುಪಾದ ಗ್ರಾನೈಟ್, ಗಾಜು, ಸ್ಟೀಲ್ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಮರದ ಹಲಗೆ, ಸಂದಿರುವ ಟೈಲ್ಸ್ ಮೇಲೆ ನಿಲ್ಲುವುದಿಲ್ಲ. ಕಟ್ಟೆಯನ್ನು ಒರೆಸಿ, ಬಟ್ಟಲಿನ ಅಂಚಿಗೆ ಒದ್ದೆ ಬೆರಳು ಸವರಿ, ಒತ್ತಿ ಕೂರಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಆಮೇಲೆ ತರಕಾರಿಯ ಎರಡೂ ತುದಿಯನ್ನು ಚಪ್ಪಟೆಯಾಗಿ, ಒಂದಕ್ಕೊಂದು ಸಮನಾಗಿ ಕತ್ತರಿಸಬೇಕು. ಓರೆ ಕೊಯ್ದ ತುದಿ ಅಲಗಿಗೆ ಓರೆಯಾಗಿಯೇ ತಾಗುತ್ತದೆ, ಮೊದಲ ಹತ್ತು ಸುತ್ತು ಬರೀ ಚೂರು ಬೀಳುತ್ತದೆ. ಬಾಗಿದ ತರಕಾರಿಯನ್ನು ಬಾಗಿದ ಕಡೆಯೇ ಎರಡು ಮಾಡಿ. 15 ಸೆಂ.ಮೀ.ಗಿಂತ ಉದ್ದವಿದ್ದರೂ ತುಂಡು ಮಾಡುವುದು ಒಳ್ಳೆಯದು. ಉದ್ದವಾದಷ್ಟೂ ನಡು ತೂಗಾಡುತ್ತದೆ. ದಪ್ಪಗಿರುವ ತುದಿಯನ್ನು ಮುಳ್ಳಿನ ಕಡೆಗೆ ಇಟ್ಟರೆ ಹಿಡಿತ ಗಟ್ಟಿ. ಮೊದಲು ಕೊಳವೆಗೆ ನಡುಬಿಂದು ಒತ್ತಿ, ನಂತರ ಮುಳ್ಳನ್ನು ಹಿಂದಿನಿಂದ ತಂದು ಚುಚ್ಚಿ. ಈ ಕ್ರಮ ತಿರುವುಮುರುವಾದರೆ ನಡು ತಪ್ಪುತ್ತದೆ.

ತಿರುಗಿಸುವಾಗ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ತರಕಾರಿಯನ್ನು ಅಲಗಿನತ್ತ ತಳ್ಳುವ ಜಾರುಮಣೆಗೆ. ಹೊಸಬರು ಎಡವುವುದು ಇಲ್ಲೇ. ತಿರುಗುವ ವೇಗಕ್ಕಿಂತ ಜೋರಾಗಿ ತಳ್ಳಿದರೆ ಅಲಗು ಕಡಿಯಲಾರದೆ ತರಕಾರಿ ಸಿಕ್ಕಿಬೀಳುತ್ತದೆ. ಹಿಡಿಕೆ ಮಾತ್ರ ತಿರುಗುತ್ತದೆ, ಮುಳ್ಳು ಅದೇ ಜಾಗದಲ್ಲಿ ಸುತ್ತಿ ತಿರುಳನ್ನು ಕೆರೆದು ದುಂಡನೆ ಕುಳಿ ಮಾಡುತ್ತದೆ. ಒಮ್ಮೆ ಕುಳಿ ಬಿದ್ದರೆ ಎಷ್ಟು ಒತ್ತಿದರೂ ಹಿಡಿತ ಬರದು. ಹೊರತೆಗೆದು, ಆ ತುದಿಯ ಅರ್ಧ ಸೆಂ.ಮೀ. ಕತ್ತರಿಸಿ, ಹೊಸ ಮುಖಕ್ಕೆ ಚುಚ್ಚಬೇಕು. ಜುಕಿನಿಗೆ ಹಗುರವಾದ, ಬಿಡದ ಒತ್ತಡ ಸಾಕು. ಬೀಟ್‌ರೂಟಿಗೆ ಗಟ್ಟಿಯಾಗಿ ತಳ್ಳಿ, ನಿಧಾನ ತಿರುಗಿಸಬೇಕು. ಕೈಗೆ ತಿಳಿಯುವ ಗುರುತು ಒಂದಿದೆ: ಸರಿಯಾಗಿ ನಡೆಯುತ್ತಿದ್ದರೆ ಸರಸರ ಎನ್ನುವ ಒಂದೇ ಸಮನಾದ ಸದ್ದು ಬರುತ್ತದೆ, ಕಟಕಟ ಎಂದು ತಡೆದು ತಡೆದು ಬಂದರೆ ನಡು ತಪ್ಪಿದೆ ಎಂದರ್ಥ.

ಎಳೆಗಳು ಬಿಡಿಬಿಡಿಯಾಗದೆ ಒಂದಕ್ಕೊಂದು ಅಂಟಿ ರಿಬ್ಬನ್ನಿನಂತೆ ಬಂದರೆ ಹಲ್ಲುಗಳ ಸಂದಿಯಲ್ಲಿ ನಾರು ಕೂತಿದೆ. ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಕ್ಯಾರೆಟ್ ಬಳುಕಿ ಮುರಿಯುತ್ತಿದ್ದರೆ ಅದು ಬಾಡಿದೆ. ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಜೀವಕೋಶಗಳು ನೀರು ಕುಡಿದು ಮತ್ತೆ ಬಿರುಸಾಗುತ್ತವೆ. ಜುಕಿನಿಯ ಎಳೆ ತುಂಬ ಒದ್ದೆಯಾಗಿ, ಜೊತೆಗೆ ಬೀಜ ಉದುರುತ್ತಿದ್ದರೆ ಕಾಯಿ ಬಲಿತಿದೆ. ಅದಕ್ಕೆ ಯಂತ್ರದಲ್ಲಿ ಮದ್ದಿಲ್ಲ, ಎಳೆಯ ಕಾಯಿ ತರಬೇಕು.

ಕೊನೆಗೆ ಮುಳ್ಳಿನಲ್ಲಿ ಅಣಬೆಯಂಥ ಒಂದು ತುಂಡು ಉಳಿಯುತ್ತದೆ: ದುಂಡು ತಲೆ, ನಡುವೆ ಕೊಳವೆಯಿಂದ ಬಂದ ಕಡ್ಡಿ. ಇನ್ನೆರಡು ಸುತ್ತು ಸಿಗುತ್ತದೇನೋ ಎಂದು ಅದನ್ನು ಬೆರಳಿನಿಂದ ಒತ್ತಲು ಹೋಗಲೇಬೇಡಿ. ಈ ಸಾಧನದಲ್ಲಿ ಕೈ ಕೊಯ್ದುಕೊಳ್ಳುವುದು ಇಲ್ಲಿ, ಇಲ್ಲವೇ ತೊಳೆಯುವಾಗ. ಆ ತುಂಡನ್ನು ಸಣ್ಣಗೆ ಹೆಚ್ಚಿ ಸೂಪಿಗೆ ಹಾಕಿದರಾಯಿತು.

ಆರು ಮೀಟರಿನ ಎಳೆಯನ್ನು ಯಾರೂ ತಿನ್ನಲಾರರು. ಅಡುಗೆಗೆ ಮೊದಲೇ ರಾಶಿಯನ್ನು ಕತ್ತರಿಯಿಂದ ಮೂರು ನಾಲ್ಕು ಕಡೆ ಕತ್ತರಿಸಿ, 25-30 ಸೆಂ.ಮೀ. ಇರುವಂತೆ ಮಾಡಿ. ಸಲಾಡಿಗೆ ಗಿಡ್ಡ ತುಂಡುಗಳೇ ಬೇಕಿದ್ದರೆ ತಿರುಗಿಸುವ ಮೊದಲು ತರಕಾರಿಯ ಒಂದು ಮಗ್ಗುಲಲ್ಲಿ ಉದ್ದಕ್ಕೂ, ನಡುವಿನವರೆಗೆ ಮುಟ್ಟುವಂತೆ ಚಾಕುವಿನಿಂದ ಸೀಳು ಹಾಕಿ. ಪ್ರತಿ ಸುತ್ತಿಗೂ ಎಳೆ ಆ ಸೀಳಿನಲ್ಲಿ ತುಂಡಾಗುತ್ತದೆ.

ನೀರು: ಎಲ್ಲರೂ ಸೋಲುವ ಜಾಗ

ಸ್ಪೈರಲೈಸರ್ ಕೈಬಿಟ್ಟವರನ್ನು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ತಟ್ಟೆ ತುಂಬ ನೀರಾಯಿತು. ಪಾಸ್ತಾಕ್ಕೆ ಬದಲಾಗಿ ಜುಕಿನಿ ಎಳೆ ಬಳಸುವಾಗ ಆಗುವ ಈ ಎಡವಟ್ಟಿನ ಮೂಲ ಸರಳ. ಒಣ ಪಾಸ್ತಾ ಬೇಯುವಾಗ ನೀರು ಕುಡಿಯುತ್ತದೆ; 100 ಗ್ರಾಂ ಪಾಸ್ತಾ ಬೆಂದ ಮೇಲೆ ತೂಕದಲ್ಲಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ, ಸಾಸನ್ನೂ ಹೀರಿಕೊಂಡು ಮೈಗೆ ಹಚ್ಚಿಕೊಳ್ಳುತ್ತದೆ. ತರಕಾರಿ ಬೇಯುವಾಗ ನೀರು ಬಿಡುತ್ತದೆ. ಜುಕಿನಿಯ ತೂಕದಲ್ಲಿ 94-95 ಶೇಕಡಾ ನೀರೇ. ಅಂದರೆ 500 ಗ್ರಾಂ ಜುಕಿನಿಯಲ್ಲಿ ಹೆಚ್ಚುಕಡಿಮೆ 470 ಗ್ರಾಂ ನೀರು. ಬಿಸಿ ತಾಗಿ ಜೀವಕೋಶದ ಪೊರೆ ಹರಿದೊಡನೆ ಅದು ಹೊರಬರಲೇಬೇಕು. ಎಳೆಯಾಗಿ ತೆಗೆದಾಗ ಕೊಯ್ದ ಮೇಲ್ಮೈ ಹತ್ತಾರು ಪಟ್ಟು ಹೆಚ್ಚುವುದರಿಂದ ಇನ್ನೂ ಬೇಗ ಬರುತ್ತದೆ. ಪಾಸ್ತಾಕ್ಕೆಂದು ಮಾಡಿದ ತೆಳು ಸಾಸನ್ನು ಇದರ ಮೇಲೆ ಸುರಿದರೆ ಎರಡೂ ಕೂಡಿ ಸಾರಾಗುತ್ತದೆ.

ಇದಕ್ಕೆ ದಾರಿ ಇದೆ. 500 ಗ್ರಾಂ ಎಳೆಗೆ ಅರ್ಧ ಟೀ ಚಮಚ ಉಪ್ಪು ಸವರಿ, ತೂತಿನ ಪಾತ್ರೆಯಲ್ಲಿ 15-20 ನಿಮಿಷ ಬಿಡಿ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದು ತೊಟ್ಟಿಕ್ಕಿಸುತ್ತದೆ. ಬಳಿಕ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಒತ್ತಿ. ಹಿಂಡಬೇಡಿ, ಎಳೆ ಹಿಸುಕಿಹೋಗುತ್ತದೆ. ಉಪ್ಪು ಈಗಾಗಲೇ ಸೇರಿದೆ, ಸಾಸಿಗೆ ಕಡಿಮೆ ಹಾಕಬೇಕೆನ್ನುವುದು ನೆನಪಿರಲಿ. ಅಗಲವಾದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಹಾಕಿ, ಎಳೆಯನ್ನು ಒಂದು ಪದರ ಮಾತ್ರ ಹರಡಿ, ಜೋರು ಉರಿಯಲ್ಲಿ ಒಂದೂವರೆ-ಎರಡು ನಿಮಿಷ ಆಡಿಸಿ. ಮುಚ್ಚಳ ಮುಚ್ಚಬಾರದು. ಇಕ್ಕಟ್ಟಾದ ಪಾತ್ರೆಯಲ್ಲಿ ರಾಶಿ ಹಾಕಿದರೆ ಬಾಣಲೆಯ ಶಾಖ ಕುಸಿದು, ಹೊರಬಂದ ನೀರು ಆವಿಯಾಗದೆ ಅಲ್ಲೇ ನಿಂತು, ಎಳೆಗಳು ಅದರಲ್ಲೇ ಬೇಯುತ್ತವೆ. ಬಗ್ಗುತ್ತದೆ ಆದರೆ ಕಚ್ಚಿದಾಗ ಇನ್ನೂ ಕರಕ್ ಎನ್ನುತ್ತದೆ ಎನ್ನುವ ಹದಕ್ಕೆ ಇಳಿಸಿ. ಇಳಿಸಿದ ಮೇಲೂ ಒಳಶಾಖದಲ್ಲಿ ಅದು ಬೇಯುತ್ತಲೇ ಇರುತ್ತದೆ. ಸಾಸನ್ನು ಬೇರೆಯಾಗಿ, ಮಾಮೂಲಿಗಿಂತ ಗಟ್ಟಿಯಾಗಿ ಕುದಿಸಿಟ್ಟುಕೊಂಡು ಬಡಿಸುವ ಕ್ಷಣದಲ್ಲಿ ಸೇರಿಸಿ.

ಇನ್ನೂ ಸುಲಭದ ದಾರಿ ಬೇಯಿಸದೇ ಇರುವುದು. ಹಸಿ ಎಳೆಗೆ ಬಿಸಿ ಸಾಸ್ ಹಾಕಿ ಕಲಸಿದರೆ ಅಷ್ಟಕ್ಕೇ ಮೆತ್ತಗಾಗುತ್ತದೆ. ಸೌತೆಕಾಯಿ, ಮೂಲಂಗಿಯನ್ನಂತೂ ಹಸಿಯಾಗಿ ತಿನ್ನುವುದೇ ಚೆಂದ, ಮತ್ತು ನಮ್ಮ ಎಣಿಕೆಯಲ್ಲಿ ಸ್ಪೈರಲೈಸರ್‌ನ ನಿಜವಾದ ಹೆಚ್ಚುಗಾರಿಕೆ ಕಾಣುವುದು ಇಂಥ ಹಸಿ ತಿನಿಸುಗಳಲ್ಲೇ. ಒಂದೇ ಸಮನಾದ ತೆಳು ಎಳೆಗೆ ನಿಂಬೆರಸ, ಎಣ್ಣೆ, ಉಪ್ಪು ಹಿಡಿಯುವ ಹಾಗೆ ದಪ್ಪ ಹೋಳಿಗೆ ಹಿಡಿಯುವುದಿಲ್ಲ.

ಉಳಿದವುಗಳಿಗೆ ಹೊತ್ತು ಬೇರೆ ಬೇರೆ. ಕ್ಯಾರೆಟ್ ಎಳೆಗೆ ಬಾಣಲೆಯಲ್ಲಿ 3-5 ನಿಮಿಷ, ಗೆಣಸಿಗೆ 6-8, ಬೀಟ್‌ರೂಟಿಗೆ 8-10. ಗೆಣಸಿನ ಎಳೆ ಬೆಂದಂತೆಲ್ಲ ಪುಡಿಯಾಗಿ ಮುರಿಯುತ್ತದೆ, ಹಾಗಾಗಿ ಸೌಟಿನಿಂದ ಕೆದಕದೆ ಇಕ್ಕಳದಿಂದ ಎತ್ತಿ ಮಗುಚಬೇಕು. ಆಲೂಗಡ್ಡೆ ಎಳೆಯನ್ನು ಗರಿಗರಿ ಮಾಡಬೇಕೆಂದರೆ ಮೊದಲು 20-30 ನಿಮಿಷ ತಣ್ಣೀರಿನಲ್ಲಿ ನೆನೆಹಾಕಿ ಮೇಲಿನ ಗಂಜಿ ಬಿಡಿಸಿ. ಗಂಜಿ ಉಳಿದರೆ ಎಳೆಗಳು ಅಂಟಿ ಮುದ್ದೆಯಾಗಿ, ಹೊರಗೆ ಬೇಗ ಕಪ್ಪಾಗುತ್ತವೆ. ಬಟ್ಟೆಯಲ್ಲಿ ಪೂರ್ತಿ ಒರೆಸಿ, ಸ್ವಲ್ಪ ಎಣ್ಣೆ ಸವರಿ, 220 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ 20-25 ನಿಮಿಷ, ನಡುವೆ ಒಮ್ಮೆ ಮಗುಚಿ. ಕರಿಯುವುದಾದರೆ ದಪ್ಪ ಹೋಳಿಗಿಂತ ಎಳೆ ಹೆಚ್ಚು ಎಣ್ಣೆ ಕುಡಿಯುತ್ತದೆ. ಮೇಲ್ಮೈ ಅಷ್ಟು ಹೆಚ್ಚು.

ಹೆಚ್ಚಿಟ್ಟು ಉಳಿಸುವುದಿದ್ದರೆ ಡಬ್ಬಿಯ ಅಡಿಗೆ ಒಣ ಬಟ್ಟೆ ಹಾಸಿ, ಉಪ್ಪು ಹಾಕದೆ ಫ್ರಿಜ್‌ನಲ್ಲಿಡಿ. ಜುಕಿನಿ 2-3 ದಿನ, ಕ್ಯಾರೆಟ್ ಮತ್ತು ಬೀಟ್‌ರೂಟ್ 4-5 ದಿನ ತಡೆಯುತ್ತವೆ. ಸೌತೆ ಮರುದಿನಕ್ಕೇ ಸೊರಗುತ್ತದೆ. ಆಲೂಗಡ್ಡೆ, ಸೇಬು ಗಾಳಿ ತಾಗಿದ ನಿಮಿಷಗಳಲ್ಲೇ ಕಂದುಗಟ್ಟುತ್ತವೆ. ಆಲೂಗಡ್ಡೆಯನ್ನು ನೀರಿನಲ್ಲಿ ಮುಳುಗಿಸಿ, ಸೇಬಿಗೆ ನಿಂಬೆರಸ ಹಚ್ಚಿ.

ಆರೋಗ್ಯದ ಮಾತು

100 ಗ್ರಾಂ ಜುಕಿನಿಯಲ್ಲಿ ಸುಮಾರು 17 ಕಿಲೋಕ್ಯಾಲೊರಿ, 3 ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟೇ ತೂಕದ ಬೆಂದ ಪಾಸ್ತಾದಲ್ಲಿ 155 ಕಿಲೋಕ್ಯಾಲೊರಿ, 30 ಗ್ರಾಂ ಕಾರ್ಬೋಹೈಡ್ರೇಟ್. ಸಕ್ಕರೆ ಕಾಯಿಲೆಯಿಂದಾಗಿ ಕಾರ್ಬೋಹೈಡ್ರೇಟ್ ಎಣಿಸಿ ತಿನ್ನುವವರಿಗೆ, ಗ್ಲೂಟೆನ್ ತಿನ್ನಬಾರದವರಿಗೆ ಈ ವ್ಯತ್ಯಾಸ ದೊಡ್ಡದು. ಆದರೆ ಪ್ರೋಟೀನ್ ಕೂಡ ಪಾಸ್ತಾದಲ್ಲಿ 5-6 ಗ್ರಾಂ ಇದ್ದರೆ ಜುಕಿನಿಯಲ್ಲಿ ಒಂದು ಗ್ರಾಂ ಚಿಲ್ಲರೆ. ನಾರಿನಂಶವೂ ತೂಕಕ್ಕೆ ತೂಕ ನೋಡಿದರೆ ಜುಕಿನಿಯಲ್ಲಿ ಹೆಚ್ಚೇನಿಲ್ಲ. ಬರೀ ಎಳೆ ತಿಂದವರಿಗೆ ಒಂದು ಗಂಟೆಯೊಳಗೆ ಹಸಿವಾಗುವುದು ಇದಕ್ಕೇ. ಕಾಳು, ಮೊಟ್ಟೆ, ಪನೀರ್, ಮಾಂಸ, ಬೀಜಗಳು, ಯಾವುದಾದರೂ ಒಂದು ಜೊತೆಗಿದ್ದರೆ ಮಾತ್ರ ಅದು ಊಟ. ಅರ್ಧ ಪಾಸ್ತಾ, ಅರ್ಧ ಎಳೆ ಬೆರೆಸುವುದು ಹಲವರಿಗೆ ಒಗ್ಗುವ ದಾರಿ. ಇನ್ನು ಎಳೆಯ ರೂಪದಲ್ಲಿದ್ದ ಮಾತ್ರಕ್ಕೆ ಎಲ್ಲವೂ ಹಗುರ ಎಂದುಕೊಳ್ಳಬಾರದು: ಗೆಣಸಿನಲ್ಲಿ 100 ಗ್ರಾಂಗೆ 86 ಕಿಲೋಕ್ಯಾಲೊರಿ, 20 ಗ್ರಾಂ ಕಾರ್ಬೋಹೈಡ್ರೇಟ್ ಇದೆ.

ತೊಳೆಯುವ ಹೊತ್ತು

500 ಗ್ರಾಂ ಜುಕಿನಿಗೆ ಯಂತ್ರ ಹೊರತೆಗೆದು ಕೂರಿಸಲು ಒಂದು ನಿಮಿಷ, ತಿರುಗಿಸಲು ಎರಡು, ತೊಳೆದು ಒರೆಸಿ ಎತ್ತಿಡಲು ನಾಲ್ಕೈದು. ಒಟ್ಟು ಏಳೆಂಟು ನಿಮಿಷ. ಹಲ್ಲಿರುವ ಪೀಲರ್, ಅಂದರೆ ಸಿಪ್ಪೆ ಹೆರೆಯುವ ಸಾಧನಕ್ಕೇ ಬಾಚಣಿಗೆಯಂಥ ಅಲಗು ಇರುವ ಜೂಲಿಯನ್ ಪೀಲರ್, ಅಷ್ಟೇ ಜುಕಿನಿಗೆ ಐದಾರು ನಿಮಿಷ ತೆಗೆದುಕೊಂಡು ನಲ್ಲಿಯ ಕೆಳಗೆ ಹತ್ತು ಸೆಕೆಂಡಿನಲ್ಲಿ ಶುಚಿಯಾಗುತ್ತದೆ. ಅದರ ಎಳೆ ನೆಟ್ಟಗಿರುತ್ತದೆ, ತರಕಾರಿಯ ಉದ್ದಕ್ಕಷ್ಟೇ ಸೀಮಿತ, ಬೀಜದ ತಿರುಳು ಬಂದೊಡನೆ ನಿಲ್ಲಿಸಬೇಕು. ಸಣ್ಣ ಕ್ಯಾರೆಟ್ಟಿಗೆ ಸ್ಪೈರಲೈಸರ್‌ಗಿಂತ ಇದೇ ಮೇಲು. ಒಬ್ಬರು ಇಬ್ಬರಿರುವ ಮನೆಗೆ ಯಂತ್ರದ ಲೆಕ್ಕ ಕೂಡುವುದಿಲ್ಲ. ನಾಲ್ಕು ಜನಕ್ಕೆ ಒಂದೂವರೆ ಕಿಲೋ ಹೆಚ್ಚುವಾಗ ಪೀಲರಿನ ಸಮಯ ಮೂರು ಪಟ್ಟಾಗುತ್ತದೆ, ಕೈ ಸೋಲುತ್ತದೆ. ಯಂತ್ರಕ್ಕೆ ಇನ್ನು ನಾಲ್ಕು ನಿಮಿಷ ಹೆಚ್ಚಷ್ಟೆ, ತೊಳೆಯುವ ಹೊತ್ತು ಬದಲಾಗುವುದಿಲ್ಲ. ಅಲ್ಲಿ ಯಂತ್ರ ಗೆಲ್ಲುತ್ತದೆ. ಮೊದಲು ಒಂದು ಜೂಲಿಯನ್ ಪೀಲರ್ ತಂದು ಒಂದು ತಿಂಗಳು ಬಳಸಿ ನೋಡಿ. ವಾರಕ್ಕೆ ಎರಡು ಸಲವಾದರೂ ಎಳೆ ತಿಂದು, ಪೀಲರ್ ಸಾಲದು ಅನ್ನಿಸಿದರೆ ಕಟ್ಟೆಯ ಯಂತ್ರ ತನ್ನಿ. ತಿಂಗಳಲ್ಲಿ ಎರಡೇ ಸಲ ಬಳಸಿದ್ದರೆ ಪೀಲರೇ ಸಾಕು.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಬಳಸಿದ ಕೂಡಲೇ ನೀರು ಹಾಯಿಸಿ. ಒಣಗಿದ ಆಲೂಗಡ್ಡೆ ಗಂಜಿ ಹಲ್ಲಿನ ಸಂದಿಯಲ್ಲಿ ಸಿಮೆಂಟಿನಂತೆ ಕೂರುತ್ತದೆ. ಸ್ಪಂಜ್ ಬೇಡ, ಹಲ್ಲಿಗೆ ಸಿಕ್ಕಿ ಹರಿಯುತ್ತದೆ, ಬೆರಳೂ ಅಲಗಿನ ಹತ್ತಿರ ಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಉಜ್ಜಿ. ಕೊಳವೆಯೊಳಗಿನ ತುಂಡನ್ನು ಕಡ್ಡಿಯಿಂದ ತಳ್ಳಿ. ನೊರೆ ನೀರಿನ ಬಕೆಟ್ಟಿನಲ್ಲಿ ಅಲಗನ್ನು ಮುಳುಗಿಸಿ ಬಿಡಬೇಡಿ. ಕಾಣದೆ ಕೈ ಹಾಕಿದವರಿಗೆ ಗಾಯ ಖಚಿತ. ಕ್ಯಾರೆಟ್ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ಕಿತ್ತಳೆಯಾದ ಪ್ಲಾಸ್ಟಿಕ್ಕನ್ನು ಮೊದಲು ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ನಂತರ ಸೋಪು ಹಾಕಿ. ಬೀಟ್‌ರೂಟ್ ಬಣ್ಣ ನೀರಿನಲ್ಲೇ ಕರಗುತ್ತದೆ, ತಕ್ಷಣ ತೊಳೆದರೆ ಸಾಕು.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಜಾರುಮಣೆಯನ್ನು ಮುಂದಕ್ಕೆ ತಳ್ಳಿ, ಪಕ್ಕಕ್ಕೆ ಅಲುಗಾಡಿಸಿ. ಅಲ್ಲಿ ಸಡಿಲವಿದ್ದರೆ ಗಟ್ಟಿ ತರಕಾರಿ ನಡು ತಪ್ಪುವುದು ನಿಶ್ಚಿತ. ಬ್ಲೇಡಿನ ತಟ್ಟೆಯನ್ನು ಸಿಕ್ಕಿಸಿ, ಹೆಬ್ಬೆರಳಿನಿಂದ ಅದರ ಪ್ಲಾಸ್ಟಿಕ್ ಚೌಕಟ್ಟನ್ನು ಒತ್ತಿ. ಬಾಗಿದರೆ ಬೀಟ್‌ರೂಟಿನ ಒತ್ತಡ ಅದು ತಾಳದು. ಕೊಳವೆಯ ಬಾಯಿ ಸಣ್ಣದಿದ್ದಷ್ಟೂ ವ್ಯರ್ಥ ಕಡಿಮೆ. ಹತ್ತು ತಟ್ಟೆ ಕೊಡುವ ಯಂತ್ರಕ್ಕೆ ಮರುಳಾಗಬೇಡಿ: 3 ಮಿ.ಮೀ. ಎಳೆ, 6 ಮಿ.ಮೀ. ಎಳೆ, ರಿಬ್ಬನ್, ಈ ಮೂರು ಬಿಟ್ಟು ಬೇರೆಯವು ಡಬ್ಬಿಯಿಂದ ಹೊರಬರುವುದೇ ಅಪರೂಪ. ಬಳಸದ ತಟ್ಟೆಗಳನ್ನು ಯಂತ್ರದ ಮೈಯೊಳಗೇ ಮುಚ್ಚಿಡಲು ಗೂಡಿದೆಯೇ, ಮೊಂಡಾದ ತಟ್ಟೆಗೆ ಬದಲಿ ಒಂದೊಂದಾಗಿ ಸಿಗುತ್ತದೆಯೇ ಎಂದು ಕೇಳಿ. ಆ ಪುಟ್ಟ ಹಲ್ಲುಗಳನ್ನು ಮನೆಯಲ್ಲಿ ಸಾಣೆ ಹಿಡಿಯಲು ಆಗುವುದಿಲ್ಲ. ಬದಲಿ ಸಿಗದಿದ್ದರೆ ತಟ್ಟೆ ಮೊಂಡಾದ ದಿನವೇ ಇಡೀ ಯಂತ್ರ ಕೆಲಸಕ್ಕೆ ಬಾರದಂತಾಗುತ್ತದೆ.